ಮಹಾದ್ವಾರದಿಂದಾಚೆಯ ಅರ್ಧ ಕಿಲೋಮೀಟರ್ ಯಾರ ಹೊಣೆ?

ಕಾಸರಗೋಡಿನ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ, ಗ್ರಾಮ ಪಂಚಾಯತುಗಳ ಅಧ್ಯಕ್ಷರಿಗೆ ಮತ್ತು ಊರೂರಿನ ಉತ್ಸವ ಸಮಿತಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಮಳೆಗಾಲದ ಮುನ್ನ, ಪತ್ತನಾಜೆಯಂದು ಬಿಚ್ಚಿದ ಗೆಜ್ಜೆಯನ್ನು ಯಕ್ಷಗಾನ ಮೇಳಗಳು ಮತ್ತೆ ಕಟ್ಟುವ ಹೊತ್ತು ಬಂತು. ತುಲಾಮಾಸದ ಹತ್ತು ಕಳೆದರೆ ತೆಯ್ಯಂ ಕುಣಿತದ ಕಳಿಯಾಟ ಶುರು. ಅಲ್ಲಿಂದ ಮಳೆಗಾಲದವರೆಗೆ ಜಿಲ್ಲೆಯ ಈ ತುದಿಯ ತಲಪಾಡಿಯಿಂದ ಆ ತುದಿಯ ಕಾಲಿಕ್ಕಡವಿನ ತನಕ ಜಾತ್ರೆ, ನೇಮ, ಉರೂಸ್, ಬ್ರಹ್ಮಕಲಶ, ಬಯಲಾಟ, ಶಾಲಾ ಕಲೋತ್ಸವ ಒಂದರ ಬೆನ್ನಿಗೆ ಒಂದು. ಮನೆಯಲ್ಲಿ ಯಾರು ಉಳಿದರೂ ಮಕ್ಕಳು ಉಳಿಯುವುದಿಲ್ಲ. ಉಳಿಯಲೂಬಾರದು. ಈ ಪತ್ರ ಅವರನ್ನು ಜಾತ್ರೆಯಿಂದ ದೂರವಿಡಿ ಎಂದು ಹೇಳಲು ಬರೆದದ್ದಲ್ಲ. ಅವರು ನಡೆದುಬರುವ ದಾರಿಗೆ ಒಬ್ಬ ಯಜಮಾನ ಬೇಕು ಎಂದು ಕೇಳಲು ಬರೆದದ್ದು.

ಉತ್ಸವ ಮಾಡುವವರಿಗೆ ಈಗ ಎಷ್ಟು ಪರವಾನಿಗೆಗಳು ಬೇಕೆಂದು ನಿಮಗೆ ಗೊತ್ತು. ಮೈಕ್ ಕಟ್ಟಲು ಪೊಲೀಸರ ಒಪ್ಪಿಗೆ, ಬೆಡಿಗೆ (ಸಿಡಿಮದ್ದಿಗೆ) ಬೇರೆ, ಆನೆ ತಂದರೆ ಇನ್ನೊಂದು, ಚಪ್ಪರಕ್ಕೆ ವಿದ್ಯುತ್ ಎಳೆಯಲು ಮತ್ತೊಂದು. ಎರಡು ಸಾವಿರ ಜನರನ್ನು ಒಂದೇ ರಾತ್ರಿ ಏಳು ಮೀಟರ್ ಅಗಲದ ರಸ್ತೆಗೆ ಕರೆತರುವಾಗ, ಆ ರಸ್ತೆಯನ್ನು ಹೇಗೆ ನಡೆಸುತ್ತೀರಿ ಎಂಬ ಪ್ರಶ್ನೆಗೆ ಮಾತ್ರ ಬರಹದಲ್ಲಿ ಉತ್ತರ ಕೊಡುವ ರೂಢಿ ನಮ್ಮೂರುಗಳಲ್ಲಿ ಇಲ್ಲ. 'ಪೊಲೀಸರು ಬರ್ತಾರೆ' ಎನ್ನುತ್ತದೆ ಸಮಿತಿ. 'ಸಮಿತಿಯ ಸ್ವಯಂಸೇವಕರು ಇದ್ದಾರೆ' ಎನ್ನುತ್ತದೆ ಠಾಣೆ. ರಸ್ತೆ ನಮ್ಮದಲ್ಲ, ಲೋಕೋಪಯೋಗಿಯವರದ್ದು ಎನ್ನುತ್ತದೆ ಪಂಚಾಯತು. ಅವಘಡ ಆದ ಮೇಲೆ ಚಾಲಕನ ಮೇಲೆ ಕೇಸು ಬೀಳುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಆ ಮಗು ಯಾವ ಎರಡು ಕಾರುಗಳ ನಡುವಿನಿಂದ ರಸ್ತೆಗೆ ಇಳಿಯಿತು, ಆ ಕಾರುಗಳನ್ನು ಅಲ್ಲಿ ನಿಲ್ಲಿಸಲು ಬಿಟ್ಟವರು ಯಾರು, ಐಸ್‌ಕ್ರೀಂ ಗಾಡಿಗೆ ರಸ್ತೆಯ ಆಚೆ ಬದಿಯಲ್ಲಿ ಜಾಗ ಕೊಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಒಂದೇ. ಮಹಾದ್ವಾರದಿಂದ ಎರಡೂ ದಿಕ್ಕಿಗೆ ಅರ್ಧ ಕಿಲೋಮೀಟರ್ ರಸ್ತೆಯೂ ಉತ್ಸವದ ಅಂಗಣವೇ ಎಂದು ಪರಿಗಣಿಸಿ. ಮೈಕಿನ ಅರ್ಜಿಯ ಜೊತೆಗೇ ಆ ಒಂದು ಕಿಲೋಮೀಟರಿನ ಸಂಚಾರ ಯೋಜನೆಯನ್ನು ಒಂದು ಹಾಳೆಯಲ್ಲಿ, ಹೊಣೆ ಹೊತ್ತವರ ಹೆಸರು ಸಮೇತ, 15 ದಿನ ಮೊದಲೇ ಪಡೆಯಿರಿ. ಹಾಳೆ ಇಲ್ಲದೆ ಮೈಕ್ ಇಲ್ಲ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ದಾರಿಯ ಮೇಲಿನ ಸಭೆ, ಮೆರವಣಿಗೆಗಳನ್ನು ನಿಯಂತ್ರಿಸಲು 2011ರಿಂದಲೇ ಕೇರಳದಲ್ಲಿ ಪ್ರತ್ಯೇಕ ಕಾಯ್ದೆ ಇದೆ. ಜಿಲ್ಲಾ ರಸ್ತೆ ಸುರಕ್ಷಾ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಸಾರ್ವಜನಿಕ ದಾರಿಯಲ್ಲಿ ಅಪಾಯ ಅಥವಾ ಅಡ್ಡಿ ಉಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮಿನ ಪ್ರಕಾರ ಅಪರಾಧ. ಜನಸಂದಣಿಯ ನಿರ್ವಹಣೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2014ರಲ್ಲೇ ಮಾರ್ಗಸೂಚಿ ಹೊರತಂದಿದೆ. ಇವನ್ನೆಲ್ಲ ಒಂದು ಹಾಳೆಗೆ ಇಳಿಸುವುದಷ್ಟೇ ಬಾಕಿ.

ಆ ಹಾಳೆಯಲ್ಲಿ ಏನಿರಬೇಕು, ಯಾಕಿರಬೇಕು ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತೇವೆ.

ಮೊದಲು ರಸ್ತೆಯ ಅಗಲ. ಒಂದು ಕಾರು ಸುಮಾರು 1.8 ಮೀಟರ್ ಜಾಗ ಹಿಡಿಯುತ್ತದೆ. ಏಳು ಮೀಟರ್ ರಸ್ತೆಯ ಎರಡೂ ಬದಿ ಕಾರು ನಿಂತರೆ ಉಳಿಯುವುದು 3.4 ಮೀಟರ್. ಬಸ್ಸಿಗೆ ಎರಡೂವರೆ ಮೀಟರ್ ಬೇಕು. ಅಂದರೆ ಬಸ್ ಹೋಗುವಾಗ ಒಂದೊಂದು ಬದಿಯಲ್ಲಿ ನಡೆಯುವವರಿಗೆ ಉಳಿಯುವುದು ಒಂದೂವರೆ ಅಡಿ. ತಾಯಿ ಮತ್ತು ಮಗು ಕೈ ಹಿಡಿದು ಜೊತೆಯಾಗಿ ನಡೆಯಲು ಅದು ಸಾಲುವುದಿಲ್ಲ. ಮಗು ಹಿಂದಾಗುತ್ತದೆ ಇಲ್ಲವೇ ಮುಂದಾಗುತ್ತದೆ. ನಮ್ಮ ಒಳನಾಡಿನ ರಸ್ತೆಗಳು ಏಳು ಮೀಟರ್ ಕೂಡ ಇರುವುದಿಲ್ಲ. ಪೆರ್ಲ, ಬಾಯಾರು, ಮುಳ್ಳೇರಿಯ ಕಡೆ ಒಂದು ಬದಿಗೆ ಮುರಕಲ್ಲಿನ ಬರೆ (ಕಡಿದಾದ ದಿಬ್ಬ), ಇನ್ನೊಂದು ಬದಿಗೆ ನೀರು ಹೋಗುವ ಕಣಿ. ವಾಹನ ಬಂದರೆ ಸರಿಯಲು ಜಾಗವೇ ಇಲ್ಲದ ಕಡೆ ಬದಿಯಲ್ಲಿ ಕಾರು ನಿಲ್ಲಿಸಿದರೆ ಜನರೆಲ್ಲ ಡಾಮರಿನ ಮೇಲೆಯೇ ನಡೆಯಬೇಕು. ಹಾಗಾಗಿ ಹಾಳೆಯ ಮೊದಲ ಸಾಲು ಇದಾಗಿರಲಿ: ಅರ್ಧ ಕಿಲೋಮೀಟರ್ ಒಳಗೆ ರಸ್ತೆ ಬದಿ ವಾಹನ ನಿಲುಗಡೆ ಇಲ್ಲ. ಬದಲಿಗೆ ಯಾವ ಗದ್ದೆ, ಯಾವ ಮೈದಾನ, ಎಷ್ಟು ಕಾರು ಹಿಡಿಯುತ್ತದೆ ಎಂದು ಬರೆಯಲಿ. ನಡುವೆ ಓಡಾಡಲು ದಾರಿ ಬಿಟ್ಟು ಲೆಕ್ಕ ಹಾಕಿದರೆ ಒಂದು ಕಾರಿಗೆ ಸುಮಾರು 25 ಚದರ ಮೀಟರ್ ಬೇಕು. ಒಂದು ಎಕರೆ ಗದ್ದೆಯಲ್ಲಿ ನೂರೈವತ್ತು ಕಾರು ನೆಮ್ಮದಿಯಿಂದ ನಿಲ್ಲುತ್ತವೆ. ಕೊಯ್ಲು ಮುಗಿದ ಗದ್ದೆಯ ಯಜಮಾನರು ದೇವರ ಕೆಲಸಕ್ಕೆ ಇಲ್ಲ ಎನ್ನುವುದು ಅಪರೂಪ, ಆದರೆ ಮುಂಚಿತವಾಗಿ ಕೇಳಬೇಕು.

ಗದ್ದೆ ಸಿಕ್ಕಿತು ಎಂದರೆ ಅಲ್ಲಿಗೆ ಮುಗಿಯಲಿಲ್ಲ. ಅದು ಆಟದ ಚಪ್ಪರ ಇರುವ ಬದಿಯಲ್ಲೇ ಇರಬೇಕು. ಎದುರು ಬದಿಯಲ್ಲಿದ್ದರೆ ಬಂದವರೆಲ್ಲ ರಸ್ತೆ ದಾಟಲೇಬೇಕು, ಹೋಗುವಾಗ ಕತ್ತಲಲ್ಲಿ ಇನ್ನೊಮ್ಮೆ ದಾಟಬೇಕು. ಬೇರೆ ಜಾಗ ಇಲ್ಲವೆಂದಾದರೆ ದಾಟುವ ಜಾಗ ಒಂದೇ ಇರಲಿ, ಉಳಿದ ಕಡೆ ಹಗ್ಗ ಕಟ್ಟಿರಲಿ.

ನಮ್ಮ ಗದ್ದೆಗಳಿಗೆ ಇನ್ನೊಂದು ತೊಡಕಿದೆ. ಅವು ರಸ್ತೆಗಿಂತ ತಗ್ಗಿನಲ್ಲಿರುತ್ತವೆ. ಜೇಸಿಬಿಯಿಂದ ಮಣ್ಣು ಹಾಕಿ ಏರು ಮಾಡಿಕೊಡುತ್ತಾರೆ. ಕಾರು ಆ ಏರು ಹತ್ತುವಾಗ ಅದರ ಮೂತಿ ಆಕಾಶ ನೋಡುತ್ತಿರುತ್ತದೆ. ಚಾಲಕನಿಗೆ ಬಾನೆಟಿನಾಚೆ ಏನೂ ಕಾಣುವುದಿಲ್ಲ. ಚಕ್ರ ಜಾರದಿರಲಿ ಎಂದು ಅವನು ಆಕ್ಸಿಲರೇಟರ್ ಒತ್ತಿ ಹಿಡಿದಿರುತ್ತಾನೆ. ಅದೇ ಏರಿನಲ್ಲಿ ಜನ ನಡೆದು ಹತ್ತುತ್ತಾರೆ, ಏರಿನ ತುದಿಯಲ್ಲಿ ಮಕ್ಕಳು ಅಪ್ಪ ಕಾರು ತರುವುದನ್ನು ಕಾಯುತ್ತಾ ನಿಲ್ಲುತ್ತಾರೆ. ಇದನ್ನು ಮೂರು ಕೆಲಸಗಳಿಂದ ತಪ್ಪಿಸಬಹುದು. ಏರಿನ ತುದಿಯಲ್ಲಿ, ಡಾಮರು ಸೇರುವ ಮೊದಲು, ಒಂದು ಕಾರು ಸಮವಾಗಿ ನಿಲ್ಲುವಷ್ಟು ಅಂದರೆ ಐದಾರು ಮೀಟರ್ ಮಟ್ಟ ಜಾಗ ಮಾಡಿಸಿ. ನಡೆಯುವವರಿಗೆ ಕನಿಷ್ಠ 15 ಮೀಟರ್ ದೂರದಲ್ಲಿ ಬೇರೆ ಮೆಟ್ಟಿಲು ಕಡಿಸಿ. ತುದಿಯಲ್ಲಿ ಒಬ್ಬ ದೊಡ್ಡವರು ಕೆಂಪು ಟಾರ್ಚ್ ಹಿಡಿದು ಕೊನೆಯ ಕಾರು ಹತ್ತುವ ತನಕ ಕದಲದೆ ನಿಲ್ಲಲಿ. ಒಳಹೋಗುವ ದಾರಿ, ಹೊರಬರುವ ದಾರಿ ಬೇರೆ ಬೇರೆ ಇದ್ದರೆ ರಿವರ್ಸ್ ತೆಗೆಯುವ ಪ್ರಮೇಯವೇ ಕಡಿಮೆಯಾಗುತ್ತದೆ. ಕತ್ತಲ ಗದ್ದೆಯಲ್ಲಿ ಹಿಂದೆ ಬರುವ ಜೀಪಿಗೆ ಆರು ವರ್ಷದ ಮಗು ಕಾಣುವುದಿಲ್ಲ; ಆ ಮಗುವಿನ ಎತ್ತರ ಮೂರೂಮುಕ್ಕಾಲು ಅಡಿ, ಜೀಪಿನ ಹಿಂಬಾಗಿಲೇ ಅದಕ್ಕಿಂತ ಎತ್ತರ.

ಇನ್ನು ವೇಗ. ಚಾಲಕ ಅಡ್ಡ ಬಂದ ಮಗುವನ್ನು ಕಂಡು ಬ್ರೇಕ್ ಒತ್ತಲು ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ 30 ಕಿ.ಮೀ. ವೇಗದ ಕಾರು 12 ಮೀಟರ್ ಮುಂದೆ ಬಂದಿರುತ್ತದೆ, ಒಣ ರಸ್ತೆಯಲ್ಲಿ ನಿಲ್ಲುವಾಗ ಒಟ್ಟು 17–18 ಮೀಟರ್. 50 ಕಿ.ಮೀ. ವೇಗವಾದರೆ ಅದೇ ಕಾರಿಗೆ 35 ಮೀಟರ್ ಬೇಕು. 60 ಆದರೆ 45. ತುಲಾಮಾಸದ ಸಂಜೆ ಮಳೆ ಬಿದ್ದ ರಸ್ತೆಯಾದರೆ ಇನ್ನೂ 10–15 ಮೀಟರ್ ಸೇರಿಸಿ. ಜನ ಓಡಾಡುವ ಕಡೆ 30 ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸುಮ್ಮನೆ ಅಲ್ಲ. ರಾತ್ರಿಯ ಲೆಕ್ಕ ಬೇರೆ. ಡಿಮ್ ಮಾಡಿದ ಹೆಡ್‌ಲೈಟಿನಲ್ಲಿ ಗಾಢ ಬಣ್ಣದ ಬಟ್ಟೆ ಹಾಕಿದವರು ಕಾಣುವುದೇ 25–30 ಮೀಟರ್ ಹತ್ತಿರ ಬಂದಾಗ. 50ರಲ್ಲಿ ಬರುವವನಿಗೆ ಕಂಡ ಮೇಲೆ ನಿಲ್ಲಿಸಲು ದೂರವೇ ಇಲ್ಲ. ಎಷ್ಟು ಜಾಗರೂಕ ಚಾಲಕನಾದರೂ ಅಷ್ಟೇ.

ವೇಗ ತಗ್ಗಿಸಲು ಊರವರು ಮಾಡುವ ಉಪಾಯ ಗೊತ್ತೇ ಇದೆ: ತೆಂಗಿನ ದಿಮ್ಮಿ ಅಡ್ಡ ಹಾಕುವುದು, ದಪ್ಪ ಹಗ್ಗ ಹಾಸುವುದು, ಕಲ್ಲು ತುಂಬಿದ ಡಬ್ಬ ಇಡುವುದು. ದಯವಿಟ್ಟು ಬೇಡ. ಹಿಂದಿನ ಸೀಟಿನಲ್ಲಿ ನಿದ್ದೆಗಣ್ಣಿನ ಮಗು ಇರುವ ಸ್ಕೂಟರ್ ಮೊದಲು ಬೀಳುವುದು ಅದೇ ದಿಮ್ಮಿಗೆ. ಠಾಣೆಯಿಂದ ನಾಲ್ಕು ಬ್ಯಾರಿಕೇಡ್ ತಂದು, ಒಂದನ್ನು ಎಡಕ್ಕೆ ಇನ್ನೊಂದನ್ನು ಬಲಕ್ಕೆ, ನಡುವೆ 20 ಮೀಟರ್ ಅಂತರ ಬಿಟ್ಟು ಇಟ್ಟರೆ ವಾಹನ ತಾನಾಗಿ ನಿಧಾನವಾಗುತ್ತದೆ. ಅಂತರ ಅದಕ್ಕಿಂತ ಕಡಿಮೆಯಾದರೆ ಬಸ್ ತಿರುಗುವುದಿಲ್ಲ, ಚಾಲಕ ಇಳಿದು ಬ್ಯಾರಿಕೇಡ್ ಸರಿಸಿ ಹೋಗುತ್ತಾನೆ, ಮತ್ತೆ ಅದನ್ನು ಯಾರೂ ಸರಿಯಾಗಿ ಇಡುವುದಿಲ್ಲ. ಹೊಳೆಯುವ ಪಟ್ಟಿ ಕಿತ್ತುಹೋದ ಬ್ಯಾರಿಕೇಡ್ ತಾನೇ ಅಪಾಯ. ತರುವ ಮೊದಲು ಟಾರ್ಚ್ ಬಿಟ್ಟು ನೋಡಿ.

ಸೂಚನಾ ಫಲಕ ಜನ ಸೇರುವ ಜಾಗಕ್ಕಿಂತ 200 ಮೀಟರ್ ಮೊದಲು ಒಂದು, 100 ಮೀಟರ್ ಮೊದಲು ಇನ್ನೊಂದು. ನಮ್ಮ ಗುಡ್ಡದ ರಸ್ತೆಗಳಲ್ಲಿ ಮೀಟರಿನ ಲೆಕ್ಕಕ್ಕಿಂತ ತಿರುವಿನ ಲೆಕ್ಕ ಮುಖ್ಯ. ಮೊದಲ ಫಲಕ ತಿರುವಿಗಿಂತ ಮೊದಲೇ ಇರಬೇಕು, ತಿರುವು ಕಳೆದ ಮೇಲೆ ಇಟ್ಟರೆ ಓದುವ ಮೊದಲೇ ಜನರ ನಡುವೆ ಬಂದಾಗಿರುತ್ತದೆ. ಅಕ್ಷರ ಒಂದು ಗೇಣಿನಷ್ಟು ದೊಡ್ಡದಿರಲಿ. ಕನ್ನಡ ಮತ್ತು ಮಲಯಾಳ ಎರಡರಲ್ಲೂ ಇರಲಿ. ಇದನ್ನು ಭಾಷೆಯ ಹಕ್ಕಿನ ಮಾತಾಗಿ ಮಾತ್ರ ನಾವು ಹೇಳುತ್ತಿಲ್ಲ. ವಿಟ್ಲ, ಪುತ್ತೂರು, ಸುಳ್ಯ, ಮಂಗಳೂರಿನಿಂದ ಬರುವ ವಾಹನಗಳ ಚಾಲಕರಿಗೆ ಮಲಯಾಳದಲ್ಲಿ ಮಾತ್ರ ಬರೆದ 'ಮುಂದೆ ದಾರಿ ಬದಲಾವಣೆ' ಅರ್ಥವಾಗುವುದಿಲ್ಲ. ಅವರು ನೇರ ಜನಸಂದಣಿಗೆ ಬಂದು ನಿಲ್ಲುತ್ತಾರೆ, ಅಲ್ಲಿ ರಿವರ್ಸ್ ತೆಗೆಯುತ್ತಾರೆ. ಕನ್ನಡ ಶಾಲೆಯ ಮಕ್ಕಳು ಓದಿ ತಿಳಿಯುವ ಒಂದೇ ಫಲಕ ಕನ್ನಡದ್ದು. ಹಾಗೆಯೇ ಮೈಕಿನ ಪ್ರಕಟಣೆ ಕನ್ನಡ, ಮಲಯಾಳ, ತುಳು ಮೂರರಲ್ಲೂ ಬರಲಿ. ಮಗು ತಪ್ಪಿಸಿಕೊಂಡಾಗ ಹುಡುಕುವ ತಂದೆತಾಯಿ ಮೊದಲು ಓಡುವುದು ರಸ್ತೆಗೆ. ಮಗುವಿನ ಮಣಿಕಟ್ಟಿನಲ್ಲಿ ಬಾಲ್‌ಪೆನ್ನಿನಿಂದ ಫೋನ್ ನಂಬರ್ ಬರೆದು ಕಳಿಸಿದರೆ ಆ ಓಟವೇ ತಪ್ಪುತ್ತದೆ.

ಸಂತೆಯ ವಿಷಯ ಸಮಿತಿಗಳ ಕೈಯಲ್ಲೇ ಇದೆ. ಚರುಂಬುರಿ, ಐಸ್‌ಕ್ರೀಂ, ಬಲೂನು, ಆಟಿಕೆ ಅಂಗಡಿಗಳ ಜಾಗವನ್ನು ಸಮಿತಿ ಏಲಂ ಮಾಡುತ್ತದೆ. ಏಲಂ ಚೀಟಿಯಲ್ಲಿ ಎರಡು ಸಾಲು ಸೇರಿಸಿ: ಅಂಗಡಿ ರಸ್ತೆಯ ಆಚೆ ಬದಿಯಲ್ಲಿ ಇಡಬಾರದು, ಅಂಗಡಿಯ ಮುಖ ರಸ್ತೆಗೆ ತಿರುಗಿರಬಾರದು. ರಸ್ತೆಗೆ ಮುಖ ಮಾಡಿದ ಅಂಗಡಿಯ ಗಿರಾಕಿಗಳು ನಿಲ್ಲುವುದು ರಸ್ತೆಯಲ್ಲೇ. ಎದುರು ಬದಿಯಲ್ಲಿ ಬಣ್ಣದ ಬಲೂನು ಕಂಡ ಐದು ವರ್ಷದ ಮಗುವಿಗೆ ನಡುವೆ ಇರುವ ರಸ್ತೆ ಕಾಣುವುದಿಲ್ಲ. ಅದು ಹಠವೂ ಅಲ್ಲ, ತಂಟೆಯೂ ಅಲ್ಲ. ಆ ಪ್ರಾಯದಲ್ಲಿ ಬರುವ ವಾಹನದ ದೂರ ಮತ್ತು ವೇಗ ಅಳೆಯುವ ಶಕ್ತಿ ಕಣ್ಣಿಗೂ ಬುದ್ಧಿಗೂ ಇನ್ನೂ ಬಂದಿರುವುದಿಲ್ಲ. ಹತ್ತು ವರ್ಷದ ಹೊತ್ತಿಗೆ ಅದು ನಿಧಾನವಾಗಿ ಬೆಳೆಯುತ್ತದೆ. 'ಮಗು ಓಡಿ ಬಂತು' ಎಂಬ ವಾಕ್ಯವನ್ನು ಯಾರ ಬಾಯಿಂದಲೂ ಸಮಜಾಯಿಷಿಯಾಗಿ ಒಪ್ಪಿಕೊಳ್ಳಬೇಡಿ. ಮಗು ಓಡಿ ಬರುತ್ತದೆ ಎಂಬುದು ಗೊತ್ತಿದ್ದೇ ಜಾಗ ಹಂಚಬೇಕು.

ಫ್ಲೆಕ್ಸ್ ಮತ್ತು ದ್ವಾರಗಳ ಬಗ್ಗೆ ಚುಟುಕಾಗಿ: ತಿರುವಿನಿಂದಲೂ ಕವಲುದಾರಿಯಿಂದಲೂ 50 ಮೀಟರ್ ಒಳಗೆ ಫ್ಲೆಕ್ಸ್ ಬೇಡ. ದ್ವಾರದ ಕಂಬ ನಡೆಯುವ ಬದಿಯನ್ನು ನುಂಗಬಾರದು, ಎತ್ತರ ಐದೂವರೆ ಮೀಟರಿಗೆ ಕಡಿಮೆ ಇರಬಾರದು.

ಬೆಳಕಿನ ಬಗ್ಗೆ ಹೆಚ್ಚು ಹೇಳಬೇಕು. ಮಹಾದ್ವಾರಕ್ಕೆ ಸಾವಿರಾರು ಬಲ್ಬುಗಳ ಸೀರಿಯಲ್ ಸೆಟ್ ಹಾಕುತ್ತೇವೆ. ಅಲ್ಲಿಂದ ಇನ್ನೂರು ಮೀಟರ್ ಆಚೆ ಕಗ್ಗತ್ತಲು. ಝಗಮಗ ಬೆಳಕಿನಿಂದ ಕತ್ತಲೆಗೆ ಹೋದ ಚಾಲಕನ ಕಣ್ಣು ಹೊಂದಿಕೊಳ್ಳಲು ಹಲವು ಸೆಕೆಂಡು ಬೇಕು. ಅಷ್ಟರಲ್ಲಿ ಅವನು ಆ ಕತ್ತಲಲ್ಲಿ ನಡೆದುಹೋಗುವ ಜನರನ್ನು ತಲುಪಿರುತ್ತಾನೆ. ದ್ವಾರದ ದೀಪದಲ್ಲಿ ಸ್ವಲ್ಪ ಉಳಿಸಿ, ಎರಡೂ ಬದಿಗೆ 300 ಮೀಟರ್ ತನಕ, 25–30 ಮೀಟರಿಗೊಂದರಂತೆ ಎಲ್‌ಇಡಿ ಟ್ಯೂಬ್ ಕಟ್ಟಿ. ನಾಲ್ಕು ಮೀಟರಿಗಿಂತ ಎತ್ತರ, ಬೆಳಕು ಕೆಳಗೆ ಬೀಳುವಂತೆ. ಗದ್ದೆಗೆ ಹಾಕುವ ಫೋಕಸ್ ಲೈಟನ್ನು ಬರುವ ವಾಹನದ ಮುಖಕ್ಕೆ ತಿರುಗಿಸುವುದು ತೀರಾ ಸಾಮಾನ್ಯ ತಪ್ಪು. ಹಾಕಿದವರು ಒಮ್ಮೆ ಬೈಕಿನಲ್ಲಿ ಎರಡೂ ಕಡೆಯಿಂದ ಬಂದು ನೋಡಲಿ, ಕಣ್ಣು ಕುಕ್ಕಿದರೆ ತಿರುಗಿಸಲಿ. ಜನರೇಟರ್ ಬದಲಾಗುವ ಆ ಅರ್ಧ ನಿಮಿಷ ಕತ್ತಲೆಗೂ ಲೆಕ್ಕ ಇಡಬೇಕು: ದಾಟುವ ಜಾಗದಲ್ಲಿ ಒಂದು ಬ್ಯಾಟರಿ ದೀಪ ಸದಾ ಇರಲಿ.

ರಾತ್ರಿಯ ಅತ್ಯಂತ ಅಪಾಯದ ಹೊತ್ತು ಯಾವುದು ಎಂದು ಕೇಳಿದರೆ ಅನುಭವಸ್ಥ ಚಾಲಕರೆಲ್ಲ ಎರಡನ್ನು ಹೇಳುತ್ತಾರೆ. ಒಂದು, ಬೆಡಿ. ಜನ ರಸ್ತೆಯಲ್ಲಿ ನಿಂತು ಮೇಲೆ ನೋಡುತ್ತಾರೆ, ವಾಹನ ಓಡಿಸುವವರೂ ಮೇಲೆ ನೋಡುತ್ತಾರೆ, ಸದ್ದಿಗೆ ಹೆದರಿದ ಮಗು ಕೈ ಕೊಸರಿಕೊಳ್ಳುತ್ತದೆ, ಹಾರ್ನ್ ಯಾರಿಗೂ ಕೇಳುವುದಿಲ್ಲ. ಬೆಡಿಗೆ ಬೆಂಕಿ ಕೊಡುವ ಐದು ನಿಮಿಷ ಮೊದಲಿನಿಂದ ಕೊನೆಯ ಸದ್ದು ಮುಗಿದು ಹತ್ತು ನಿಮಿಷದವರೆಗೆ ಎರಡೂ ಕಡೆ ವಾಹನ ಪೂರ್ತಿ ನಿಲ್ಲಬೇಕು, ಆಂಬುಲೆನ್ಸ್ ಹೊರತು. ಬಸ್ಸಿನವರಿಗೆ ಸಮಯ ಮೊದಲೇ ತಿಳಿಸಿದರೆ ಅವರು ಒಪ್ಪುತ್ತಾರೆ. ಹೇಳದೆ ಕೇಳದೆ ನಿಲ್ಲಿಸಿದರೆ ನಿಂತ ಆ ಹೊತ್ತನ್ನು ಮುಂದಿನ ತಿರುವುಗಳಲ್ಲಿ ಓಡಿ ತುಂಬಿಸಿಕೊಳ್ಳುತ್ತಾರೆ.

ಇನ್ನೊಂದು, ಮುಗಿದ ಮೇಲಿನ ಮೊದಲ ಕಾಲು ಗಂಟೆ. ಬರುವಾಗ ಮೂರು ಗಂಟೆಯ ಹೊತ್ತಿನಲ್ಲಿ ಹಂಚಿಹೋಗಿ ಬಂದ ಜನ, ಹೋಗುವಾಗ ಒಟ್ಟಿಗೆ ಹೊರಡುತ್ತಾರೆ. ನಿಲುಗಡೆ ಗದ್ದೆಯ ಬಾಯಿಗೆ ಹಗ್ಗ ಕಟ್ಟಿ ವಾಹನಗಳನ್ನು 15 ನಿಮಿಷ ತಡೆಯಿರಿ, ನಡೆಯುವವರು ಮೊದಲು ಹೋಗಲಿ. 'ಕಾಲ್ನಡೆಯವರು ಮನೆ ದಾರಿ ಹಿಡಿಯುವ ತನಕ ವಾಹನ ಬಿಡುವುದಿಲ್ಲ' ಎಂದು ಮೈಕಿನಲ್ಲಿ ಮೂರು ಸಲ ಹೇಳಿದರೆ ಗಲಾಟೆ ಆಗುವುದಿಲ್ಲ. ಬಯಲಾಟಕ್ಕೆ ಇದು ಬೇರೆ ರೀತಿ. ಬೆಳಗ್ಗಿನ ತನಕ ಆಗುವ ಆಟದಲ್ಲಿ ಜನ ನಡುವೆ ನಡುವೆ ಏಳುತ್ತಾರೆ; ಅಲ್ಲಿ ಸಮಸ್ಯೆ ನೂಕುನುಗ್ಗಲಲ್ಲ, ನಿದ್ದೆ. ನಿದ್ದೆಗೆಟ್ಟ ಅಪ್ಪ, ನಿದ್ದೆ ಹೋದ ಮಗು, ಒಂದು ಬೈಕ್.

ಬೈಕಿನ ವಿಷಯದಲ್ಲಿ ಕಾನೂನು ಸ್ಪಷ್ಟ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಓಡಿಸುವವನ ಹಿಂದೆ ಒಬ್ಬರೇ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ 2023ರ ಫೆಬ್ರವರಿ 15ರಿಂದ ಮಕ್ಕಳ ಹೆಲ್ಮೆಟ್ ಬೇಕು, ಓಡಿಸುವವನ ಮೈಗೆ ಮಗುವನ್ನು ಬಿಗಿದು ಹಿಡಿಯುವ ಸುರಕ್ಷಾ ಪಟ್ಟಿ ಬೇಕು, ವೇಗ 40 ಮೀರಬಾರದು. ಟ್ಯಾಂಕಿನ ಮೇಲೆ ಕೂರಿಸಿದ ಮಗು ನಿದ್ದೆ ಹೋದರೆ ತಲೆ ಹ್ಯಾಂಡಲಿಗೆ ವಾಲುತ್ತದೆ, ತಿರುಗಿಸಬೇಕಾದಾಗ ಹ್ಯಾಂಡಲ್ ತಿರುಗುವುದಿಲ್ಲ. ಆದರೆ ದಂಡ ಹಾಕುವುದರಿಂದ ಮಾತ್ರ ಇದು ನಿಲ್ಲದು. ರಾತ್ರಿ ಎಂಟೂವರೆ ಕಳೆದರೆ ಬದಿಯಡ್ಕದಿಂದಲೋ ಕುಂಬಳೆಯಿಂದಲೋ ಒಳಗಿನ ಊರುಗಳಿಗೆ ಬಸ್ ಸಿಗುವುದು ಕಷ್ಟ. ನಾಲ್ವರ ಸಂಸಾರ ಬೈಕಿನಲ್ಲೇ ಬರುತ್ತದೆ, ಬೇರೆ ದಾರಿ ಇಲ್ಲ. ಹಾಗಾಗಿ ಹಾಳೆಯಲ್ಲಿ ಒಂದು ಕಾಲಂ ಇದಕ್ಕಿರಲಿ: ಮುಗಿಯುವ ಹೊತ್ತಿಗೆ ಯಾವ ಊರಿಗೆ ಎಷ್ಟು ಗಂಟೆಗೆ ಬಸ್ ಅಥವಾ ಜೀಪ್. ಸಾರಿಗೆ ಇಲಾಖೆ ಉತ್ಸವದ ರಾತ್ರಿಗಳಿಗೆ ಖಾಸಗಿ ಬಸ್ಸುಗಳಿಗೆ ವಿಶೇಷ ಪರವಾನಿಗೆಯನ್ನು ಸುಲಭದಲ್ಲಿ ಕೊಡಲಿ, ಕೆಎಸ್‌ಆರ್‌ಟಿಸಿ ಒಂದು ಟ್ರಿಪ್ ಮುಂದೂಡಲಿ. ನೂರು ರಶೀದಿ ಬರೆಯುವುದಕ್ಕಿಂತ ಎರಡು ಬಸ್ಸಿನಿಂದ ಹೆಚ್ಚು ಮಕ್ಕಳು ಸುರಕ್ಷಿತವಾಗಿ ಮನೆ ಸೇರುತ್ತಾರೆ.

ಮಗನ ಕೈಗೆ ಸ್ಕೂಟರ್ ಕೊಟ್ಟು 'ಅಜ್ಜಿಯನ್ನು ಬಿಟ್ಟು ಬಾ' ಎನ್ನುವ ಮನೆಯವರಿಗೂ ಒಂದು ಮಾತು. 18 ತುಂಬದವರು ಓಡಿಸಿ ಸಿಕ್ಕಿಬಿದ್ದರೆ 199ಎ ಕಲಮಿನಲ್ಲಿ ಹೆತ್ತವರಿಗೆ ಅಥವಾ ವಾಹನದ ಮಾಲಕರಿಗೆ ಮೂರು ವರ್ಷದ ತನಕ ಸಜೆ, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷದ ತನಕ ಲೈಸೆನ್ಸ್ ಇಲ್ಲ.

ಮೆರವಣಿಗೆಗೆ ಬರೋಣ. ಹೊರೆಕಾಣಿಕೆಯಲ್ಲಿ, ಗಣೇಶನ ಶೋಭಾಯಾತ್ರೆಯಲ್ಲಿ ಇಂದು ಮುಂದೆ ಇರುವವರು ಕುಣಿತ ಭಜನೆಯ ಮಕ್ಕಳು. ತಾಳ ಹಿಡಿದು, ಸುತ್ತು ತಿರುಗುತ್ತಾ, ಹಿಂದಕ್ಕೆ ಹೆಜ್ಜೆ ಹಾಕುವ ಮಗು ದಾರಿಯ ಮೇಲೆ ಕಣ್ಣಿಡುವುದು ಸಾಧ್ಯವಿಲ್ಲ. ಅದರ ಕಣ್ಣು ನಾವಾಗಬೇಕು. ತಂಡದ ಎರಡೂ ಬದಿಗೆ ಉದ್ದಕ್ಕೂ ಹಗ್ಗ, ಹಗ್ಗ ಹಿಡಿಯಲು ಹತ್ತು ಮಕ್ಕಳಿಗೆ ಇಬ್ಬರು ದೊಡ್ಡವರು. ರಸ್ತೆಯ ಎಡಬದಿಯ ಅರ್ಧ ಮಾತ್ರ ಮೆರವಣಿಗೆಗೆ. ಹಿಂದೆ 50 ಮೀಟರ್ ಬಿಟ್ಟು, ನಾಲ್ಕೂ ಇಂಡಿಕೇಟರ್ ಉರಿಯುವ ಒಂದು ವಾಹನ ಬರಲಿ. ಹಿಂದಿನಿಂದ ಬಂದವನು ಜನರಿಗೆ ಬಡಿಯುವ ಮೊದಲು ಆ ವಾಹನವನ್ನು ಕಾಣಲಿ ಎಂದು. ತಿರುವು ಬಂದಾಗ 50 ಸಾಲದು, ಅದು ತಿರುವಿನ ಹಿಂದೆಯೇ ನಿಂತು ಕಾಯಬೇಕು.

ಧ್ವನಿವರ್ಧಕ ಮತ್ತು ಜನರೇಟರ್ ಹೊತ್ತ ಟೆಂಪೋದ ಚಕ್ರದ ಬಳಿ ಮಕ್ಕಳು ನಡೆಯುವುದು ಮೆರವಣಿಗೆಯ ದೊಡ್ಡ ಅಪಾಯ. ನಡಿಗೆಯ ವೇಗದಲ್ಲಿ ಹೋಗುವ ವಾಹನಕ್ಕೆ ಯಾರೂ ಹೆದರುವುದಿಲ್ಲ, ಅದರ ಸದ್ದಿನಲ್ಲಿ ಯಾರ ಕೂಗೂ ಚಾಲಕನಿಗೆ ಕೇಳುವುದಿಲ್ಲ. ಒಂದೊಂದು ಬದಿಗೆ ಒಬ್ಬರಂತೆ ಇಬ್ಬರು ಚಕ್ರದ ಕಾವಲಿಗೇ ನಿಲ್ಲಲಿ, ಮೂರು ಮೀಟರ್ ಒಳಗೆ ಮಕ್ಕಳನ್ನು ಬಿಡದಿರಲಿ, ಚಾಲಕನಿಗೆ ಕಾಣುವಂತೆ ಮುಂದೆ ಒಬ್ಬ ಕೈಸನ್ನೆಗೆ ಇರಲಿ. ಹಸಿರುವಾಣಿ ಹೊತ್ತ ಪಿಕಪ್ಪಿನ ಹಿಂಬದಿಯಲ್ಲಿ, ಬಾಳೆಗೊನೆ ತೆಂಗಿನಕಾಯಿ ರಾಶಿಯ ಮೇಲೆ ಮಕ್ಕಳನ್ನು ಕೂರಿಸಬೇಡಿ. ಸರಕು ಸಾಗಿಸುವ ವಾಹನದಲ್ಲಿ ಜನ ಸಾಗಿಸುವುದು ತಪ್ಪು. ಒಂದು ಬ್ರೇಕಿಗೆ ಕಾಯಿಯ ಜೊತೆ ಮಗುವೂ ಉರುಳುತ್ತದೆ. ಸ್ತಬ್ಧಚಿತ್ರದಲ್ಲಿ ಕೃಷ್ಣನೋ ರಾಮನೋ ಆಗಿ ನಿಲ್ಲುವ ಮಗುವಿಗೆ ಸೊಂಟದ ಎತ್ತರದಲ್ಲಿ ಹಿಡಿದುಕೊಳ್ಳಲು ಗಟ್ಟಿ ಕಂಬಿ ಬೇಕು, ಕುಳಿತರೆ ಇನ್ನೂ ಒಳ್ಳೆಯದು. ಕಿರೀಟದ ತುದಿಯ ಎತ್ತರ ಅಳೆದು, ದಾರಿಯ ವಿದ್ಯುತ್ ತಂತಿಗಳನ್ನು ಹಿಂದಿನ ದಿನವೇ ನೋಡಿ ಬರಬೇಕು.

ಕಲೋತ್ಸವದಲ್ಲಿ ಬಂದವರೆಲ್ಲ ಮಕ್ಕಳೇ. ವೇದಿಕೆಗಳು ಒಂದೇ ಶಾಲೆಯಲ್ಲಿ ಹಿಡಿಯದೆ ಊರಿನ ಸಭಾಭವನ, ಇನ್ನೊಂದು ಶಾಲೆ ಎಂದು ಹಂಚಿಹೋದಾಗ ಬಣ್ಣ ಹಾಕಿದ ಮಕ್ಕಳು ರಸ್ತೆ ದಾಟಿ ಓಡುತ್ತಾರೆ. ಯಕ್ಷಗಾನದ ಕಿರೀಟ, ಭುಜಕೀರ್ತಿ ಕಟ್ಟಿದ ಮಗುವಿಗೆ ಕತ್ತು ತಿರುಗಿಸುವುದೇ ಕಷ್ಟ, ಬದಿಯಿಂದ ಬರುವುದು ಕಾಣುವುದಿಲ್ಲ. ವೇಷ ಕಟ್ಟಿದ ಮೇಲೆ ರಸ್ತೆ ದಾಟಬೇಕಾಗುವ ಜಾಗದಲ್ಲಿ ವೇಷದ ವೇದಿಕೆ ಇಡಬೇಡಿ. ಚೌಕಿ (ವೇಷ ಕಟ್ಟುವ ಜಾಗ) ಮತ್ತು ವೇದಿಕೆ ಒಂದೇ ಕಂಪೌಂಡಿನೊಳಗೆ ಇರಲಿ.

ಇಲ್ಲೇ ಇನ್ನೊಂದು ಕಳಕಳಿಯ ಮಾತು. ಸ್ಕೌಟ್, ಎನ್‌ಸಿಸಿ, ಸ್ಟೂಡೆಂಟ್ ಪೊಲೀಸ್ ಕೆಡೆಟ್ ಮಕ್ಕಳನ್ನು ಸಂಚಾರ ನಿಯಂತ್ರಣಕ್ಕೆ ರಸ್ತೆಯ ನಡುವೆ ನಿಲ್ಲಿಸುವುದನ್ನು ಬಿಡಿ. 2010ರಲ್ಲಿ ಕೇರಳವೇ ಹುಟ್ಟುಹಾಕಿದ ಕೆಡೆಟ್ ಯೋಜನೆಯ ಬಗ್ಗೆ ನಮಗೆ ಗೌರವವಿದೆ. ಮಕ್ಕಳು ದಾರಿ ತೋರಿಸಲಿ, ನೀರು ಕೊಡಲಿ, ಚಿಕ್ಕವರನ್ನು ಸಾಲಿನಲ್ಲಿ ನಿಲ್ಲಿಸಲಿ. ಆದರೆ ಬರುವ ವಾಹನದ ಎದುರು ಕೈ ಚಾಚಿ ನಿಲ್ಲುವುದು 14 ವರ್ಷದವರ ಕೆಲಸವಲ್ಲ. ಆ ಕೆಲಸಕ್ಕೆ ಪೊಲೀಸರು, ಅವರ ಸೂಚನೆಯಂತೆ ನಡೆಯುವ ವಯಸ್ಕ ಸ್ವಯಂಸೇವಕರು ಬೇಕು: ದಾಟುವ ಜಾಗಕ್ಕೆ ನಾಲ್ವರು, ಗದ್ದೆಯ ಬಾಯಿಗೆ ಇಬ್ಬರು, ಎರಡೂ ತುದಿಗೆ ಇಬ್ಬಿಬ್ಬರು. ಎರಡು ಗಂಟೆಗೊಮ್ಮೆ ಬದಲಿ. ಒಬ್ಬನನ್ನೇ ಸಂಜೆ ಆರರಿಂದ ಹನ್ನೆರಡರ ತನಕ ನಿಲ್ಲಿಸಿದರೆ ಅವನು ಅನ್ನಸಂತರ್ಪಣೆಗೆ ಹೋದ ಹೊತ್ತಿನಲ್ಲೇ ಜಾಗ ಖಾಲಿಯಾಗುತ್ತದೆ.

ಹೆದ್ದಾರಿ 66ರ ಬದಿಯ ಊರುಗಳಿಗೆ ಪ್ರತ್ಯೇಕವಾಗಿ ಹೇಳಲೇಬೇಕು. ಹೊಸಂಗಡಿ, ಉಪ್ಪಳ, ಕುಂಬಳೆ, ಮೊಗ್ರಾಲಿನಲ್ಲಿ ಆರು ಪಥದ ರಸ್ತೆ ಊರನ್ನು ಎರಡಾಗಿ ಸೀಳಿದೆ. ದೇವಸ್ಥಾನ ಒಂದು ಬದಿ, ಮನೆ ಇನ್ನೊಂದು ಬದಿ. ಮೊದಲು ನೇರ ದಾಟುತ್ತಿದ್ದ ಕಾಲಿಗೆ ಅಂಡರ್‌ಪಾಸಿನ ತನಕ ಸುತ್ತುವುದು ರೂಢಿಯಾಗಿಲ್ಲ. ತಡೆಗೋಡೆ ಹತ್ತಿ ಇಳಿದರೆ ಆ ಕಡೆ ನೂರರ ವೇಗದಲ್ಲಿ ವಾಹನ ಬರುತ್ತಿರುತ್ತದೆ. ಅಲ್ಲಿನ ಉತ್ಸವಗಳ ಆಮಂತ್ರಣ ಪತ್ರಿಕೆಯಲ್ಲೇ ಯಾವ ಅಂಡರ್‌ಪಾಸಿನಿಂದ ಬರಬೇಕೆಂದು ಅಚ್ಚು ಹಾಕಿಸಿ. ಅಂಡರ್‌ಪಾಸಿನ ಎರಡೂ ಬಾಯಿಗೆ ದೀಪ ಮತ್ತು ಜನ ಇರಲಿ, ಜನ ಹಾರುವ ರೂಢಿಯ ಜಾಗಗಳಲ್ಲಿ ಇಬ್ಬರು ತಡೆಯಲು ಇರಲಿ. ಸರ್ವಿಸ್ ರಸ್ತೆ ಇಕ್ಕಟ್ಟು, ಬಸ್ಸೂ ಅದರಲ್ಲೇ, ಎದುರು ದಿಕ್ಕಿನಿಂದ ಬರುವವರೂ ಅದರಲ್ಲೇ. ಅದು ನಿಲುಗಡೆಯ ಜಾಗವಲ್ಲ. ಮೆರವಣಿಗೆ ಮುಖ್ಯ ಪಥಕ್ಕೆ ಹತ್ತಲೇಬಾರದು.

ಇಷ್ಟೆಲ್ಲ ಮಾಡಿದರೂ ಏನಾದರೂ ಆದರೆ? ಆಂಬುಲೆನ್ಸಿಗೆಂದು ಮೂರೂವರೆ ಮೀಟರ್ ಅಗಲದ ಒಂದು ದಾರಿ ಮೊದಲಿನಿಂದ ಕೊನೆಯ ತನಕ ಖಾಲಿ ಇರಬೇಕು. 108 ಮತ್ತು 112 ಚಪ್ಪರದ ನಾಲ್ಕು ಕಡೆ ದೊಡ್ಡದಾಗಿ ಬರೆದಿರಲಿ. ಪೆಟ್ಟಾದ ಮಗುವನ್ನು ಕೈಕಾಲು ಹಿಡಿದು ಎತ್ತಿ ಆಟೋಕ್ಕೆ ತುರುಕಬೇಡಿ. ಕತ್ತು ಅಲುಗದಂತೆ ಹಲಗೆಯ ಮೇಲೆ ಸರಿಸಿ, ರಕ್ತ ಬರುವಲ್ಲಿ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ, ನೀರು ಕುಡಿಸಬೇಡಿ. ತಲೆಗೆ ದೊಡ್ಡ ಪೆಟ್ಟಾದರೆ ಹೆಚ್ಚಾಗಿ ಮಂಗಳೂರಿಗೇ ಒಯ್ಯಬೇಕಾಗುವ ಜಿಲ್ಲೆ ನಮ್ಮದು. ಕಾಸರಗೋಡಿನಿಂದ ಅದು 50 ಕಿಲೋಮೀಟರ್, ಹಾಗಾಗಿ ಮೊದಲ ಹತ್ತು ನಿಮಿಷ ಇಲ್ಲಿ ಹಾಳಾಗಬಾರದು. ಸಹಾಯ ಮಾಡಿದವರಿಗೆ ಕೇಸಿನ ಕಿರುಕುಳ ಇಲ್ಲ, ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರನ್ನು ಕಾಯುತ್ತದೆ. 2025ರಿಂದ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನ, ಒಂದೂವರೆ ಲಕ್ಷ ರೂಪಾಯಿಯವರೆಗೆ ಮುಂಗಡ ಹಣ ಕಟ್ಟದೆ ಚಿಕಿತ್ಸೆ ಸಿಗುವ ಯೋಜನೆ ಇದೆ. ಸಮಿತಿಯ ಇಬ್ಬರಿಗಾದರೂ ಇದು ತಿಳಿದಿರಲಿ.

ಖರ್ಚಿನ ಮಾತು ಬಂದೇ ಬರುತ್ತದೆ. ಮುಕ್ಕಾಲು ಮೀಟರ್ ಎತ್ತರದ 20 ಕೋನ್, 300 ಮೀಟರ್ ಹಗ್ಗ, 16 ಹೊಳೆಯುವ ಜಾಕೆಟ್, 8 ಕೆಂಪು ದೀಪದ ಕೋಲು, 8 ಸೀಟಿ, 4 'ನಿಲ್ಲಿ' ಫಲಕ, ಎರಡು ಭಾಷೆಯ 6 ಸೂಚನಾ ಫಲಕ, 4 ಬ್ಯಾಟರಿ ದೀಪ. ಎರಡು ಸಾವಿರ ಜನ ಸೇರುವ ಉತ್ಸವಕ್ಕೆ ಇಷ್ಟು ಸಾಕು. ಪ್ರತಿ ಸಮಿತಿ ಇದನ್ನು ಕೊಳ್ಳಬೇಕಾಗಿಲ್ಲ. ಮದುವೆಗೆ ದೇವಸ್ಥಾನದ ಹಂಡೆ, ಕೊಪ್ಪರಿಗೆ ತಂದು ತೊಳೆದು ಹಿಂದೆ ಕೊಡುವ ರೂಢಿ ನಮ್ಮಲ್ಲಿ ಇದೆಯಲ್ಲ, ಹಾಗೆ ಪಂಚಾಯತು ಒಂದು ಸೆಟ್ ಇಟ್ಟುಕೊಂಡು ರಶೀದಿ ಬರೆದು ಕೊಡಲಿ. ದೇವಸ್ಥಾನ, ಮಸೀದಿ, ಇಗರ್ಜಿ, ಶಾಲೆ ಎಲ್ಲರಿಗೂ ಒಂದೇ ಸೆಟ್, ಒಂದೇ ಹಾಳೆ, ಒಂದೇ ನಿಯಮ. ಒಬ್ಬರಿಗೆ ಸಡಿಲ ಇನ್ನೊಬ್ಬರಿಗೆ ಬಿಗಿ ಆದ ದಿನ ಈ ಹಾಳೆಗೆ ಬೆಲೆ ಇರುವುದಿಲ್ಲ.

ಹೆತ್ತವರಿಗೆ ನಾಲ್ಕೇ ಮಾತು. ಮಗುವಿನ ಬೆರಳು ಹಿಡಿಯಬೇಡಿ, ಮಣಿಕಟ್ಟು ಹಿಡಿಯಿರಿ, ಬೆರಳು ಜಾರುತ್ತದೆ. ಕಾಲ್ದಾರಿ ಇಲ್ಲದ ರಸ್ತೆಯಲ್ಲಿ ಬಲಬದಿಯಲ್ಲಿ, ಎದುರಿಂದ ಬರುವ ವಾಹನ ಕಾಣುವಂತೆ ನಡೆಯಿರಿ, ಮಗು ವಾಹನದಿಂದ ದೂರದ ಬದಿಗೆ ಇರಲಿ. ಬಸ್ಸಿನಿಂದ ಇಳಿದು ಬಸ್ಸಿನ ಮುಂದಿನಿಂದ ದಾಟಬೇಡಿ, ಅದು ಹೋಗುವ ತನಕ ಕಾಯಿರಿ. ಫೋನಿನ ಟಾರ್ಚ್ ಉರಿಸಿಕೊಂಡು ನಡೆಯಿರಿ, ಚಾಲಕನ ಕಣ್ಣಿಗಲ್ಲ, ನೆಲಕ್ಕೆ.

ಜಿಲ್ಲಾಧಿಕಾರಿಗಳೇ, ಆ ಒಂದು ಹಾಳೆಯ ಕೊನೆಯಲ್ಲಿ ಮೂರು ಸಹಿ ಇರಲಿ: ಸಮಿತಿಯ ಸಂಚಾರ ಹೊಣೆಗಾರರದ್ದು, ಠಾಣೆಯ ಅಧಿಕಾರಿಯದ್ದು, ಪಂಚಾಯತು ಕಾರ್ಯದರ್ಶಿಯದ್ದು. ಸಹಿ ಹಾಕಿದವರು ಉತ್ಸವದ ಹಿಂದಿನ ಸಂಜೆ ಒಟ್ಟಿಗೆ ಆ ಒಂದು ಕಿಲೋಮೀಟರ್ ನಡೆದು ನೋಡಲಿ. ಜೊತೆಗೆ ಒಂದು ಮಗು ಇದ್ದರೆ ಒಳ್ಳೆಯದು. ಅದರ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿದಾಗ ಯಾವ ಫ್ಲೆಕ್ಸ್ ತೆಗೆಯಬೇಕು, ಯಾವ ಕಾರು ಸರಿಯಬೇಕು ಎಂದು ತಿಳಿಯುತ್ತದೆ. ರಸ್ತೆ ಸುರಕ್ಷಾ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯಕ್ಕೆ ಹೊತ್ತು ಕೊಡಿ. ಹಾಳೆಯ ಮಾದರಿಯನ್ನು ಕನ್ನಡ ಮತ್ತು ಮಲಯಾಳ ಎರಡರಲ್ಲೂ ಬರೆದು ನಾವೇ ತರುತ್ತೇವೆ.

ಇತಿ,
ಕಾಸರಗೋಡು ಜಿಲ್ಲೆಯ ಕೆಲವು ಅಧ್ಯಾಪಕರು, ಬಸ್ ಮತ್ತು ಆಂಬುಲೆನ್ಸ್ ಚಾಲಕರು, ಉತ್ಸವಗಳ ಸ್ವಯಂಸೇವಕರು